ಆಷಾಢದ ಗಂಟಲು

ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ತಿಮ್ಮರಾಜುವಿನ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದಾಗ ಜನ ನಿಂತು ನಿಂತು ನೋಡಿದರು. ಇಂಥ ಫ್ಲೆಕ್ಸುಗಳಲ್ಲಿ ಸತ್ತವರು ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿಕೊಂಡು ಬಂದವರಂತೆ ಇರುತ್ತಾರೆ. ಇವನ ಫೋಟೋದಲ್ಲಿ ಕಣ್ಣು ಮುಚ್ಚಿತ್ತು, ಬಾಯಿ ಅಗಲಕ್ಕೆ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಕೈಯಲ್ಲಿ ಮೈಕಿತ್ತು. ಅವನು ಕಂಡಕ್ಟರಾಗಿದ್ದ ಬಸ್ಸಿನಲ್ಲೇ ದಿನಾ ಹೆಬ್ಬೂರಿಂದ ಬರುತ್ತಿದ್ದ ಹೂವಿನವಳು, ‘ಪಾಪ, ಅಳ್ತಿರೋ ಫೋಟೋನ ಯಾಕ್ ಹಾಕವ್ರೆ’ ಎಂದು ಕೇಳಿದಳು. ಪಕ್ಕದಲ್ಲಿದ್ದ ಏಜೆಂಟ್ ಅದು ಅಳುವುದಲ್ಲ, ಹಾಡುವುದು ಎಂದು ಹೇಳಿದ. ಅವಳು ನಂಬಲಿಲ್ಲ.

ಹಾಗೆ ಕಿರುಚುವುದನ್ನು ಕಲಿಯಲು ತಿಮ್ಮರಾಜು ಬಹಳ ವರ್ಷ ಪಾಡುಪಟ್ಟಿದ್ದ. ಕೊನೆಗೊಮ್ಮೆ ಅದು ಬಂತು; ಯಾಕೆ ಬಂತೆಂದು ಕೆಲವು ತಿಂಗಳ ಮೇಲೆ ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಬಿಡಲಿಲ್ಲ.

ಅವನು ಕುಣಿಗಲ್ಲಿನವನು. ಅಪ್ಪ ಕುದುರೆ ಫಾರಂನಲ್ಲಿ ಲಾಯದ ಕೆಲಸಕ್ಕಿದ್ದರು. ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ಹೋದರು. ತಾಯಿ ನರಸಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡಿ ಮಗನನ್ನು ಓದಿಸಿದರು. ಚಿಕ್ಕಂದಿನಿಂದ ಅವನದು ತೆಳ್ಳನೆಯ, ಸಿಹಿಯಾದ ಗಂಟಲು. ಶನಿವಾರದ ಭಜನೆಯಲ್ಲಿ ಅವನು ಪಲ್ಲವಿ ಎತ್ತಿಕೊಂಡರೆ ತಾಳದವರು ಸ್ವಲ್ಪ ಮೆಲ್ಲಗೆ ಬಡಿಯುತ್ತಿದ್ದರು. ತುಮಕೂರಿನಲ್ಲಿ ಡಿಪ್ಲೊಮಾಕ್ಕೆ ಸೇರಿದಾಗ ಹಾಸ್ಟೆಲಿನಲ್ಲಿ ಜೊತೆಯಾದವನು ಅಂಜನ್‌ಕುಮಾರ್. ಅವನು ಒಂದು ದಿನ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಇವನ ಕಿವಿಗಿಟ್ಟ. ವೈರ್ ಎಲ್ಲೋ ಕಿತ್ತಿದೆ ಎಂದುಕೊಂಡ ತಿಮ್ಮರಾಜು ಅದನ್ನು ತೆಗೆದು ಊದಿ ಮತ್ತೆ ಇಟ್ಟುಕೊಂಡ. ಒಬ್ಬ ಮನುಷ್ಯ ಎದೆ ಬಿರಿಯುವಂತೆ ಕಿರುಚುತ್ತಿದ್ದ. ಗಿಟಾರುಗಳು ಕಲ್ಲು ಕುಟ್ಟಿದ ಹಾಗೆ ಕುಟ್ಟುತ್ತಿದ್ದವು. ನಡುವೆ ಇದ್ದಕ್ಕಿದ್ದಂತೆ ಎಲ್ಲ ಸರಿದು ಅದೇ ಮನುಷ್ಯ ಇಂಪಾಗಿ ಎರಡು ಸಾಲು ಹಾಡಿ ಮತ್ತೆ ಕಿರುಚತೊಡಗಿದ. ಇದಕ್ಕೆ ಮೆಟಲ್‌ಕೋರ್ ಅಂತಾರೆ ಎಂದು ಅಂಜನ್‌ಕುಮಾರ್ ಹೇಳಿಕೊಟ್ಟ. ಇದರಲ್ಲಿ ಒಬ್ಬನೇ ಎರಡು ಗಂಟಲಿಟ್ಟುಕೊಂಡಿರಬೇಕು. ತನ್ನ ಬಳಿ ಒಂದು ಇದೆ, ಇನ್ನೊಂದನ್ನು ಸಂಪಾದಿಸಿದರಾಯಿತು ಎಂದುಕೊಂಡ ತಿಮ್ಮರಾಜು.

ಡ್ರಮ್ಸಿಗೆ ಸಿಕ್ಕವನು ಗುಬ್ಬಿಯ ಕಾಂತೇಶ್. ಅವನ ತಂದೆ ವೆಂಕಟರಂಗಯ್ಯನವರದು ಶಾಮಿಯಾನ, ಪಾತ್ರೆ, ಲೈಟಿಂಗ್ ಬಾಡಿಗೆಗೆ ಕೊಡುವ ಅಂಗಡಿ. ಅಂಗಡಿಯ ಹಿಂದಿನ ಗೋಡೌನೇ ಪ್ರಾಕ್ಟೀಸಿನ ಜಾಗವಾಯಿತು. ಮೊದಲ ದಿನ ಕಾಂತೇಶ್ ಡ್ರಮ್ಮಿನ ಮೇಲೆ ಕೋಲು ಇಟ್ಟಾಗ ಸಾಲಾಗಿ ಜೋಡಿಸಿದ್ದ ಕೊಪ್ಪರಿಗೆಗಳೆಲ್ಲ ಗುಂಯ್ ಎಂದವು. ಅವುಗಳ ಹೊಟ್ಟೆಗೆ ಜಮಖಾನ ತುರುಕಿ ಬಾಯಿ ಮುಚ್ಚಿಸಬೇಕಾಯಿತು. ಬ್ಯಾಂಡಿಗೆ ‘ಕರಟ’ ಎಂದು ಹೆಸರಿಟ್ಟರು. ತಿಪಟೂರಿನ ಕೊಬ್ಬರಿಗೆ ಹೆಸರಿದೆ, ಕರಟವನ್ನು ಕೇಳುವವರಿಲ್ಲ ಎಂದು ಕಾಂತೇಶ್ ಕಾರಣ ಕೊಟ್ಟ. ಬೇಸ್ ಗಿಟಾರಿಗೆ ವರ್ಷಕ್ಕೊಬ್ಬರಂತೆ ಬಂದು ಹೋದರು. ಉಳಿದವರು ಈ ಮೂವರೇ.

ತೊಂದರೆ ಇದ್ದದ್ದು ಮುಹೂರ್ತಗಳಲ್ಲಿ. ಮದುವೆ ಕಾಲದಲ್ಲಿ ಗೋಡೌನು ಖಾಲಿ. ಜಮಖಾನಗಳು ಚೌಲ್ಟ್ರಿಯಲ್ಲಿ, ಕೊಪ್ಪರಿಗೆಗಳು ಒಲೆಯ ಮೇಲೆ, ಕಾಂತೇಶ್ ಚೇಳೂರಿನಲ್ಲೋ ನಿಟ್ಟೂರಿನಲ್ಲೋ ಏಣಿಯ ಮೇಲೆ. ಯಾರೂ ಮದುವೆ ಮಾಡದ ತಿಂಗಳುಗಳಲ್ಲಿ ಮಾತ್ರ ಎಲ್ಲವೂ ಮನೆಗೆ ಬರುತ್ತಿದ್ದವು. ಹೀಗಾಗಿ ಕರಟದ ಹಾಡುಗಳೆಲ್ಲ ಹುಟ್ಟಿದ್ದು ಆಷಾಢದಲ್ಲಿ, ತಪ್ಪಿದರೆ ಧನುರ್ಮಾಸದಲ್ಲಿ. ಊರಿಗೆಲ್ಲ ಅಶುಭವಾದ ತಿಂಗಳನ್ನು ಈ ಮೂವರು ಪಂಚಾಂಗ ನೋಡಿಕೊಂಡು ಕಾಯುತ್ತಿದ್ದರು. ಡಿಪ್ಲೊಮಾ ಮುಗಿದು ಅಂಜನ್‌ಕುಮಾರ್ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೋಹ ಕತ್ತರಿಸುವ ಸಿಎನ್‌ಸಿ ಮಷೀನಿಗೆ ನಿಂತ. ತಿಮ್ಮರಾಜು ಒಂದೆರಡು ಕಡೆ ಸುತ್ತಿ, ಕೊನೆಗೆ ಕುಣಿಗಲ್ ರೂಟಿನ ಖಾಸಗಿ ಬಸ್ಸಿಗೆ ಕಂಡಕ್ಟರಾದ. ಆಷಾಢದಲ್ಲಿ ಇಬ್ಬರೂ ರಜೆ ಹಾಕುತ್ತಿದ್ದರು. ಯಾಕೆಂದು ಬಸ್ಸಿನ ಡ್ರೈವರ್ ಕೇಳಿದರೆ ತಿಮ್ಮರಾಜು ಹರಕೆ ಎಂದುಬಿಡುತ್ತಿದ್ದ.

ಮೊದಲ ಸ್ಟೇಜ್ ಸಿಕ್ಕಿದ್ದು ಕುಣಿಗಲ್ಲಿನ ಒಂದು ಬೀದಿಯ ಗಣೇಶನ ಪೆಂಡಾಲಿನಲ್ಲಿ. ಕಮಿಟಿಯವರು ಇವರನ್ನು ಸಿನಿಮಾ ಹಾಡಿನ ಆರ್ಕೆಸ್ಟ್ರಾ ಎಂದೇ ತಿಳಿದಿದ್ದರು. ಎರಡನೇ ಹಾಡಿನಲ್ಲಿ ತಿಮ್ಮರಾಜು ಮಂಡಿಯೂರಿ ತಲೆ ಕೊಡವಿ ಕಿರುಚುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ದೊಡ್ಡಗಂಗಮ್ಮ ಎಂಬ ಅಜ್ಜಿ ಎದ್ದು, ಸೆರಗು ಸರಿ ಮಾಡಿಕೊಂಡು, ನಿಂಬೆಹಣ್ಣು ಕರ್ಪೂರ ತಂದು ಅವನ ಮುಂದೆ ಕೈಮುಗಿದು ನಿಂತಳು. ಹಿಂದೆಯೇ ಇನ್ನಿಬ್ಬರು ಬಂದರು. ಗಿಟಾರು ನಿಂತಿತು. ಮೊಮ್ಮಗಳಿಗೆ ಈ ವರ್ಷವಾದರೂ ಗಂಡು ಗೊತ್ತಾಗುತ್ತದಾ ಹೇಳಪ್ಪ ಎಂದು ಅಜ್ಜಿ ಬೇಡಿಕೊಂಡಳು. ಹೇಗಾದರೂ ಅಲ್ಲಿಂದ ಪಾರಾದರೆ ಸಾಕೆಂದು ತಿಮ್ಮರಾಜು, ‘ಆಯ್ತದೆ’ ಎಂದ. ಈ ಕಥೆಯನ್ನು ಕಾಂತೇಶ್ ಹೋದಲ್ಲೆಲ್ಲ ಹೇಳಿ ನಗಿಸುತ್ತಿದ್ದ. ತಿಮ್ಮರಾಜು ಮಾತ್ರ ನಗುತ್ತಿರಲಿಲ್ಲ. ಆ ಹುಡುಗಿಗೆ ಮದುವೆಯಾಯಿತೆಂದು ತಿಳಿಯುವವರೆಗೆ ಅವನು ಆ ಬೀದಿ ಬಿಟ್ಟು ಸುತ್ತುಹಾಕಿ ಮನೆಗೆ ಹೋದ. ಸಣ್ಣ ತಪ್ಪನ್ನೂ ಹಾಗೆ ಹೊತ್ತುಕೊಂಡು ತಿರುಗುವ ಜೀವ ಅದು.

ಅವನಿಗೆ ಇನ್ನೊಂದು ಭಾರವಿತ್ತು. ಅವನ ಕಿರುಚು ಚೆನ್ನಾಗಿರಲಿಲ್ಲ. ಇಂಪಾದ ಭಾಗ ಬಂದಾಗ ಕೇಳುವವರು ತಲೆಯೆತ್ತುತ್ತಿದ್ದರು. ಕಿರುಚು ಶುರುವಾದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಬ್ಯಾಂಡುಗಳ ಸ್ಪರ್ಧೆಯೊಂದಕ್ಕೆ ಹೋದಾಗ ತೀರ್ಪುಗಾರನೊಬ್ಬ ಮುಚ್ಚಿಟ್ಟುಕೊಳ್ಳದೆ ಹೇಳಿದ: ಗಿಟಾರು, ಡ್ರಮ್ಸು ಎಲ್ಲಿಗೆ ಬೇಕಾದರೂ ಹೋಗುತ್ತವೆ, ವೋಕಲಿಸ್ಟನನ್ನು ಬದಲಾಯಿಸಿ. ವಾಪಸು ಬರುವಾಗ ಬಸ್ಸಿನಲ್ಲಿ ತಿಮ್ಮರಾಜು ತಾನೇ ಆ ಮಾತೆತ್ತಿ, ನನ್ನ ಬಿಟ್ಟುಬಿಡಿ ಎಂದ.

‘ನೀನ್ ಬುಟ್ಟೋದ್ರೆ ನಿಂಬೆಹಣ್ಣು ಯಾರ್ ಇಸ್ಕೊತಾರ್ಲಾ’ ಎಂದ ಕಾಂತೇಶ್. ‘ಗಂಟ್ಲು ತಾನೆ, ದಿನಕ್ಕೊಂದ್ ಕಟ್ಟು ಬೀಡಿ ಸೇದು, ಒರಟಾಯ್ತದೆ.’

ಎಲ್ಲರೂ ನಕ್ಕರು. ತಿಮ್ಮರಾಜು ಮಾರನೆಯ ದಿನದಿಂದ ಬೀಡಿ ಶುರುಮಾಡಿದ. ಬಸ್‌ಸ್ಟ್ಯಾಂಡಿನ ಹಿಂದೆ ನಿಂತು, ಔಷಧಿ ತೆಗೆದುಕೊಳ್ಳುವವನ ಹಾಗೆ ಮುಖ ಕಿವಿಚಿಕೊಂಡು ಸೇದುತ್ತಿದ್ದ. ಅದೇ ವರ್ಷ ಬೆಂಗಳೂರಿನ ದೊಡ್ಡ ಬ್ಯಾಂಡೊಂದು ಅಂಜನ್‌ಕುಮಾರನನ್ನು ಕರೆಯಿತು, ಅವನು ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಇಬ್ಬರನ್ನೂ ತಾನು ಗುಬ್ಬಿಯ ಗೋಡೌನಿಗೆ ಕಟ್ಟಿಹಾಕಿದ್ದೇನೆ ಎಂಬುದು ತಿಮ್ಮರಾಜುವಿನ ಮನಸ್ಸಿನಲ್ಲಿ ಹಾಗೇ ಕೂತಿತು.

ತಿಮ್ಮರಾಜು ಮದುವೆಯಾದದ್ದು ಚೇಳೂರಿನ ಮಾನಸಾಳನ್ನು. ಆಕೆ ತುಮಕೂರಿನ ಒಂದು ಕಾನ್ವೆಂಟಿನಲ್ಲಿ ಟೀಚರ್. ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದರು, ನರಸಮ್ಮನೂ ಜೊತೆಗೆ ಬಂದರು. ಮೊದಲ ಆಷಾಢಕ್ಕೆ ಮಾನಸಾ ತವರಿಗೆ ಹೋದಾಗ ಹೊಸ ಗಂಡ ಸಪ್ಪಗಾಗುತ್ತಾನೆಂದು ಎಲ್ಲರೂ ಕಾದರು. ಅವನು ಖುಷಿಯಿಂದ ಬ್ಯಾಗ್ ಎತ್ತಿಕೊಂಡು ಗುಬ್ಬಿಗೆ ಹೊರಟ. ‘ಆಷಾಢಕ್ಕೆ ಹೆಂಡ್ತಿ ತವರಿಗೆ, ಗಂಡ ಕೊಪ್ಪರಿಗೆ ಜೊತೆ’ ಎಂದು ಅವಳು ಆಮೇಲೆ ಎಷ್ಟೋ ವರ್ಷ ಅವನನ್ನು ಕಾಡಿದಳು. ಅವಳಿಗೆ ಆ ಸಂಗೀತ ಹಿಡಿಸುತ್ತಿರಲಿಲ್ಲ. ಹಿಡಿಸುತ್ತದೆ ಎಂದು ನಟಿಸಲೂ ಇಲ್ಲ. ಅವನು ಮಗಳನ್ನು ಮಲಗಿಸುತ್ತಾ ಹಾಡುವ ಭಜನೆಯ ಪದಗಳನ್ನು ಮಾತ್ರ ಅಡುಗೆಮನೆಯ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು.

ಮಗಳು ಶಾಲೆಗೆ ಸೇರಿದ ವರ್ಷ ಅವನ ಗಂಟಲು ಕಟ್ಟಿತು. ಧೂಳಿನ ರಸ್ತೆ, ಫುಟ್‌ಬೋರ್ಡಿನಲ್ಲಿ ನಿಂತು ‘ಹೆಬ್ಬೂರ್, ಹೆಬ್ಬೂರ್’ ಎಂದು ದಿನವಿಡೀ ಕೂಗು. ಯಾರಿಗೂ ಅದು ವಿಶೇಷವೆನಿಸಲಿಲ್ಲ. ನರಸಮ್ಮ ಜ್ಯೇಷ್ಠಮಧು ಕೊಟ್ಟರು. ವಾರಗಳಾದರೂ ಬಿಡಲಿಲ್ಲ. ಆ ಧನುರ್ಮಾಸದಲ್ಲಿ ಗೋಡೌನಿಗೆ ಹೋದಾಗ, ಇವತ್ತು ಆಗುವುದಿಲ್ಲ ಎಂದುಕೊಂಡೇ ಮೈಕ್ ಹಿಡಿದ. ಬಾಯಿ ತೆರೆದ. ಒಳಗಿನಿಂದ ಬಂದದ್ದು ಅವನಿಗೇ ಗುರುತು ಸಿಗಲಿಲ್ಲ. ಬಂಡೆಯ ಮೇಲೆ ಕಬ್ಬಿಣ ಎಳೆದಂತೆ ಅಗಲವಾಗಿ, ಆಳವಾಗಿ, ತುದಿ ಎಲ್ಲಿಯೂ ಒಡೆಯದೆ ಬಂತು. ಕಾಂತೇಶ್ ಬಾರಿಸುವುದನ್ನು ಬಿಟ್ಟು ಕೋಲು ಹಿಡಿದುಕೊಂಡೇ ಕೂತ. ಅಂಜನ್‌ಕುಮಾರ್ ಗಿಟಾರನ್ನು ಗೋಡೆಗೆ ಒರಗಿಸಿ ಹತ್ತಿರ ಬಂದು, ‘ಇನ್ನೊಂದ್ಸಲ ಮಾಡು’ ಎಂದ. ತಿಮ್ಮರಾಜು ಮತ್ತೆ ಮಾಡಿದ. ಹನ್ನೆರಡು ವರ್ಷದ ಸಾಧನೆ ಕೊನೆಗೂ ಕೈಗೂಡಿತೆಂದು ಮೂವರೂ ನಂಬಿದರು. ಅಂದು ಕಾಂತೇಶ್ ಬಿರಿಯಾನಿ ತರಿಸಿದ.

ಇಂಪಾದ ಭಾಗವನ್ನು ಮಾತ್ರ ಹಾಡಲಾಗಲಿಲ್ಲ. ಪರವಾಗಿಲ್ಲ, ಅದನ್ನು ನಾನು ಹಾಡುತ್ತೇನೆ, ನೀನು ಕಿರುಚು ಎಂದ ಅಂಜನ್‌ಕುಮಾರ್. ಗಂಟಲು ಇನ್ನಷ್ಟು ಕೆಳಗಿಳಿದಾಗ ಗಿಟಾರಿನ ತಂತಿಗಳನ್ನು ಇನ್ನಷ್ಟು ಸಡಿಲ ಮಾಡಿ ಹಾಡನ್ನೇ ಅಲ್ಲಿಗೆ ಇಳಿಸಿದ. ಫೋನಿನಲ್ಲಿ ಹಿಡಿದ ಒಂದು ಹಾಡನ್ನು ಇಂಟರ್ನೆಟ್ಟಿಗೆ ಬಿಟ್ಟರು. ತುಮಕೂರು ಎಲ್ಲಿದೆಯೆಂದು ತಿಳಿಯದವರೂ ಇದು ಯಾರ ಗಂಟಲು ಎಂದು ಕೇಳಿದರು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯುವ ಬ್ಯಾಂಡುಗಳ ದೊಡ್ಡ ಮೇಳಕ್ಕೆ ಕರೆ ಬಂತು. ಅದಕ್ಕೆ ಮುಂಚೆ ಆಲ್ಬಮ್ಮಿನ ಹಾಡುಗಳು ರೆಕಾರ್ಡ್ ಆಗಲೇಬೇಕು. ಆಲ್ಬಮ್ ಎಂದರೆ ಆಷಾಢ.

ಮನೆಯಲ್ಲಿ ಮಗಳು, ‘ಅಪ್ಪ ಗರಗರ ಅಂತಾರೆ, ಅಮ್ಮ ಹಾಡ್ಲಿ’ ಎನ್ನತೊಡಗಿದಳು. ಡಾಕ್ಟರಿಗೆ ತೋರಿಸಿ ಎಂದು ಮಾನಸಾ ಬೆನ್ನು ಹತ್ತಿದಳು. ಜ್ಯೇಷ್ಠ ಮಾಸದ ಒಂದು ಮಧ್ಯಾಹ್ನ, ಎರಡು ಟ್ರಿಪ್ಪಿನ ನಡುವೆ, ತಿಮ್ಮರಾಜು ಒಬ್ಬನೇ ತುಮಕೂರಿನ ಗಂಟಲಿನ ಡಾಕ್ಟರೊಬ್ಬರ ಬಳಿ ಹೋದ. ಅವರು ಬಾಯೊಳಗೆ ಕ್ಯಾಮೆರಾ ಇಳಿಸಿ ನೋಡಿ, ಗದ್ದಲವಿಲ್ಲದೆ ಎಲ್ಲ ಹೇಳಿದರು. ಧ್ವನಿ ಹುಟ್ಟುವ ಜಾಗದಲ್ಲೇ ಗೆಡ್ಡೆ ಇದೆ. ನಾಳೆಯೇ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಇನ್ನೂ ಸಣ್ಣದು, ರೇಡಿಯೇಷನ್ ಕರೆಂಟ್ ಕೊಟ್ಟರೆ ಬಹುಶಃ ಹೋಗುತ್ತದೆ. ಆದರೆ ಕೂಗುವುದನ್ನು ಇವತ್ತಿನಿಂದಲೇ ಬಿಡಬೇಕು.

ತಿಮ್ಮರಾಜು ಒಂದೇ ಒಂದು ಪ್ರಶ್ನೆ ಕೇಳಿದ. ಈಗ ಇರುವ ಗಂಟಲು ಆ ಗೆಡ್ಡೆಯಿಂದಲೇ ಬಂದದ್ದಾ ಎಂದು. ಡಾಕ್ಟರಿಗೆ ಅರ್ಥವಾಗಲಿಲ್ಲ. ಹೌದಪ್ಪ, ಅದರಿಂದಲೇ ಕೆಟ್ಟಿರೋದು, ಗೆಡ್ಡೆ ಹೋದರೆ ಸರಿಹೋಗಬಹುದು ಎಂದು ಸಮಾಧಾನ ಹೇಳಿದರು.

ಸಾಯಂಕಾಲದ ಟ್ರಿಪ್ಪಿನಲ್ಲಿ ಟಿಕೆಟ್ ಹರಿಯುತ್ತಾ ಅವನು ಲೆಕ್ಕ ಹಾಕಿದ. ಇನ್ನೇನು ಆಷಾಢ. ಈಗ ಆಸ್ಪತ್ರೆ ಸೇರಿದರೆ ಆಷಾಢ ಹೋಯಿತು. ಆಷಾಢ ಹೋದರೆ ಶ್ರಾವಣದಿಂದ ಮದುವೆಗಳು, ಗೋಡೌನು ಖಾಲಿ. ಆಲ್ಬಮ್ ಇಲ್ಲ, ಮೇಳವಿಲ್ಲ. ವಾಸಿಯಾದರೆ ಹಳೆಯ ತೆಳ್ಳನೆಯ ಗಂಟಲು ತಿರುಗಿ ಬರುತ್ತದೆ. ಡಾಕ್ಟರು ಸಣ್ಣದು ಎಂದಿದ್ದಾರಲ್ಲ, ಒಂದು ತಿಂಗಳಿಗೆ ಏನಾಗುತ್ತದೆ? ಆಷಾಢ ಕಳೆಯಲಿ. ಮನೆಗೆ ಬಂದು ಮಾನಸಾಳಿಗೆ, ಡಸ್ಟ್ ಅಲರ್ಜಿ ಅಂತೆ, ಮಾತ್ರೆ ಕೊಟ್ಟಿದ್ದಾರೆ ಎಂದ. ಅವಳು ಡಾಕ್ಟರನ್ನು ನಂಬಿದಳು.

ಆ ಆಷಾಢದಲ್ಲಿ ಗೋಡೌನಿನ ಜಮಖಾನಗಳ ನಡುವೆ ‘ಕರಟ’ ತನ್ನ ಬಾಳಿನ ಅತ್ಯುತ್ತಮ ಕೆಲಸ ಮಾಡಿತು. ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿ ಕೂತ ಅಂಜನ್‌ಕುಮಾರ್ ಒಂದೊಂದು ಟೇಕ್ ಮುಗಿದಾಗಲೂ ಹೆಬ್ಬೆರಳೆತ್ತುತ್ತಿದ್ದ. ಒಮ್ಮೊಮ್ಮೆ ಚೆನ್ನಾಗಿದ್ದದ್ದನ್ನೂ ಇನ್ನೊಮ್ಮೆ ಕೇಳುತ್ತಿದ್ದ, ಕೇಳುವ ಸಂತೋಷಕ್ಕೇ. ತಿಮ್ಮರಾಜು ಪ್ರತಿ ಸಲವೂ ಕೊಟ್ಟ. ಕಿರುಚಿದ ಮೇಲೆ ನೋವು ಕಿವಿಯವರೆಗೆ ಹರಿಯುತ್ತಿತ್ತು. ಹೊರಗೆ ಹೋಗಿ ನಲ್ಲಿಯ ಬಳಿ ಉಗಿದು, ಕೆಂಪಗಿದ್ದರೆ ನೀರು ಬಿಟ್ಟು, ಒಳಗೆ ಬಂದು ಮತ್ತೆ ನಿಲ್ಲುತ್ತಿದ್ದ. ಆ ದಿನಗಳಲ್ಲಿ ಅವನಿಗೆ ಮಾನಸಾಳ ಮುಖ ನೋಡುವುದು ಕಷ್ಟವಾಗಿತ್ತು. ಗೋಡೌನಿನ ಬಾಗಿಲು ದಾಟಿದ ಕೂಡಲೇ ಆ ಕಷ್ಟ ಮರೆಯುತ್ತಿತ್ತು. ಮನೆಗೆ ವಾಪಸು ಬಂದಾಗ, ಹಾಗೆ ಮರೆತದ್ದೂ ಸೇರಿಕೊಂಡು ಇಮ್ಮಡಿಯಾಗಿ ಕಾಡುತ್ತಿತ್ತು.

ಆಷಾಢ ಕಳೆಯಿತು. ಹಾಡುಗಳೆಲ್ಲ ರೆಕಾರ್ಡ್ ಆದವು, ಆಲ್ಬಮ್ ಹೊರಗೆ ಬಿಡುವುದು ಮೇಳದ ನಂತರ ಎಂದಾಯಿತು. ತಿಮ್ಮರಾಜು ಆಸ್ಪತ್ರೆಗೆ ಹೋಗಲಿಲ್ಲ. ಮೇಳ ಮುಗಿಯಲಿ ಎಂದುಕೊಂಡ.

ಮೇಳದಲ್ಲಿ ಹಗಲು ಮೂರರ ಬಿಸಿಲಿನಲ್ಲಿ ಅವರ ಸರದಿ ಬಂತು. ಸ್ಟೇಜಿನ ಮೇಲೆ ಆ ಶಬ್ದದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಮುಂದಿನ ಹಾಡು ಯಾವುದು, ಎಲ್ಲಿ ನಿಲ್ಲಿಸಬೇಕು ಎಲ್ಲವನ್ನೂ ತಿಮ್ಮರಾಜು ಹಿಂದೆ ತಿರುಗಿ ತುಟಿಯಲ್ಲೇ ಹೇಳುವುದು, ಕಾಂತೇಶ್ ಅದನ್ನು ಓದಿಕೊಂಡು ಬಾರಿಸುವುದು ಮೊದಲಿನಿಂದ ನಡೆದುಬಂದ ರೀತಿ. ಅಂದು ಮೂರನೇ ಹಾಡಿನ ನಂತರ ಅವನು ತಿರುಗಿ ತುಟಿಯಲ್ಲಿ, ‘ಸಾಕಾ?’ ಎಂದ. ಜನ ಹುಚ್ಚೆದ್ದು ಕುಣಿಯುತ್ತಿದ್ದರು. ತಮಾಷೆ ಮಾಡುತ್ತಿದ್ದಾನೆಂದು ಕಾಂತೇಶ್ ನಕ್ಕು, ಇನ್ನೂ ಜೋರಾಗಿ ಮುಂದಿನ ಹಾಡನ್ನು ಎತ್ತಿಕೊಂಡ.

ಸಂಕ್ರಾಂತಿ ಕಳೆದ ಮೇಲೆ ತಿಮ್ಮರಾಜು ಮಲಗಿದಾಗ ಉಸಿರು ಸಣ್ಣಗೆ ಸಿಳ್ಳೆ ಹಾಕತೊಡಗಿತು. ಬಸ್ಸಿನ ಮೆಟ್ಟಿಲು ಹತ್ತಿದರೆ ಏದುಸಿರು. ಈ ಸಲ ಮಾನಸಾ ಅವನನ್ನು ಕೇಳಲಿಲ್ಲ. ಶಾಲೆಗೆ ರಜೆ ಹಾಕಿ, ಕೈ ಹಿಡಿದು ನೇರ ಬೆಂಗಳೂರಿಗೆ ಕರೆದುಕೊಂಡು ಹೋದಳು. ಗೆಡ್ಡೆ ದೊಡ್ಡದಾಗಿತ್ತು. ಕರೆಂಟಿನ ಕಾಲ ಮೀರಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಉಸಿರಿಗೆಂದು ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು. ಕಂಡಕ್ಟರ್ ತಿಮ್ಮರಾಜು ಮನೆಗೆ ಬಂದಾಗ ಅವನ ಬಳಿ ಯಾವ ಗಂಟಲೂ ಇರಲಿಲ್ಲ, ಕಿರುಚುವುದೂ, ಹಾಡುವುದೂ.

ಗೆಳೆಯರಿಬ್ಬರೂ ನೋಡಲು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನರಸಮ್ಮ ಹೊರಗೆ ಮೊಮ್ಮಗಳನ್ನು ಆಡಿಸುತ್ತಿದ್ದರು. ಕಾಂತೇಶ್ ಮಂಚದ ಪಕ್ಕ ನೆಲದ ಮೇಲೆ ಕೂತವನು ತಲೆಯೆತ್ತಲಿಲ್ಲ.

‘ಬೀಡಿ ಸೇದು ಅಂದೋನು ನಾನೇ ಕಣ್ಲಾ’ ಎಂದ.

ಅಂಜನ್‌ಕುಮಾರ್ ತನ್ನ ಪಾಲಿನದನ್ನು ಹೇಳಿಕೊಂಡ. ಅಷ್ಟು ದಿನ ಹೆಡ್‌ಫೋನಿನಲ್ಲಿ ಆ ಗಂಟಲನ್ನು ಎಲ್ಲರಿಗಿಂತ ಹತ್ತಿರದಿಂದ ಕೇಳಿದವನು ತಾನು. ಹಾಡಲು ಬರದಾದಾಗ ಏನಾಗಿದೆಯೆಂದು ಕೇಳುವ ಬದಲು ತಂತಿ ಸಡಿಲ ಮಾಡುತ್ತಾ ಹೋದೆ ಎಂದ. ಟೀ ತಂದಿಟ್ಟ ಮಾನಸಾ ಇಬ್ಬರನ್ನೂ ಗದರಿದಳು. ಅವಳ ಸಿಟ್ಟೆಲ್ಲ ಆ ಡಾಕ್ಟರ ಮೇಲೆ. ಕ್ಯಾಮೆರಾ ಇಟ್ಟು ನೋಡಿಯೂ ಧೂಳು ಎಂದು ಮಾತ್ರೆ ಕೊಟ್ಟು ಕಳಿಸಿದವರು ಎಂಥ ಡಾಕ್ಟರು? ನಾಳೆ ತಮ್ಮನನ್ನು ಕರೆದುಕೊಂಡು ಅವರ ಕ್ಲಿನಿಕ್ಕಿಗೆ ಹೋಗುತ್ತೇನೆ, ಕಾಯುತ್ತಿರುವ ಪೇಷೆಂಟುಗಳ ಎದುರಿಗೇ ಕೇಳುತ್ತೇನೆ ಎಂದಳು.

ತಿಮ್ಮರಾಜು ಮಂಚದ ಮೇಲೆ ಎದ್ದು ಕೂತ. ಎದುರಿಗೆ ಇಬ್ಬರು ಗೆಳೆಯರು, ಅಲ್ಲಿಲ್ಲದ ಒಬ್ಬರು ಡಾಕ್ಟರು; ಮೂವರೂ ಅವನ ತಪ್ಪನ್ನು ಹಂಚಿಕೊಂಡು ಹೊತ್ತಿದ್ದರು. ಅವನು ಕಾಂತೇಶನ ಭುಜ ತಟ್ಟಿ, ಅವನು ಮುಖವೆತ್ತಿದ ಮೇಲೆ ತುಟಿ ಅಲುಗಿಸಿದ. ಸ್ಟೇಜಿನ ಮೇಲೆ ಓದಿಕೊಳ್ಳುತ್ತಿದ್ದ ಅಭ್ಯಾಸದಲ್ಲಿ ಕಾಂತೇಶ್ ಅದನ್ನು ಹಾಗೇ ಬಾಯಿಬಿಟ್ಟು ಹೇಳುತ್ತಾ ಹೋದ.

‘ಡಾಕ್ಟ್ರು ಧೂಳು ಅನ್ಲಿಲ್ಲ, ಅಂತವ್ನೆ. ಗೆಡ್ಡೆ ಐತೆ ಅಂದ್ರು. ಬೆಂಗ್ಳೂರಿಗೆ ಹೋಗು ಅಂದ್ರು. ನಾನೇ ಹೋಗ್ಲಿಲ್ಲ. ನಾನೇ ಸುಳ್…’

ಅಲ್ಲಿ ನಿಂತ. ತನ್ನ ಬಾಯಿಂದ ಬರುತ್ತಿರುವುದು ಏನೆಂದು ಆಗ ಅವನಿಗೆ ತಿಳಿಯಿತು.

‘ಯಾವಾಗ?’ ಎಂದಳು ಮಾನಸಾ. ಗಂಡನನ್ನಲ್ಲ, ಕಾಂತೇಶನನ್ನು.

ಕಾಂತೇಶ್ ತಿಮ್ಮರಾಜುವಿನ ತುಟಿ ನೋಡಿದ. ‘ಆಷಾಢಕ್ ಮುಂಚೆ, ಅತ್ತಿಗೆ.’

ಅವಳು ಟೀ ಲೋಟಗಳನ್ನು, ಯಾರೂ ಕುಡಿಯದಿದ್ದರೂ, ಎತ್ತಿಕೊಂಡು ಒಳಗೆ ಹೋದಳು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಮಾತಾಡುತ್ತಿದ್ದವರು ನರಸಮ್ಮ ಮತ್ತು ಮಗು ಇಬ್ಬರೇ. ಮಾನಸಾ ಹೊತ್ತು ಹೊತ್ತಿಗೆ ಅವನ ಕುತ್ತಿಗೆಯ ನಳಿಕೆ ತೆಗೆದು ತೊಳೆದಳು, ಗಾಯದ ಮೇಲಿನ ಗಾಜ್ ಬಟ್ಟೆ ಬದಲಿಸಿದಳು, ಗಂಜಿ ಸೋಸಿ ಕೊಟ್ಟಳು, ಶಾಲೆಗೆ ಹೋಗಿ ಬಂದಳು. ಕೈ ಒಂದು ದಿನವೂ ಒರಟಾಗಲಿಲ್ಲ. ಬಾಯಿ ಬಿಡಲಿಲ್ಲ. ಮಾತು ಹೋದವನ ಎದುರು ಮಾತು ಇದ್ದವಳು ಸುಮ್ಮನಿರುವುದು ಎಂಥ ಶಿಕ್ಷೆಯೆಂದು ಅವನು ಆಮೇಲೆ ಅಂಜನ್‌ಕುಮಾರನಿಗೆ ತಿಳಿಸಿದ. ಬೈದಿದ್ದರೆ ತಲೆಯಾದರೂ ತಗ್ಗಿಸಬಹುದಿತ್ತು.

ಒಂದು ಸಂಜೆ ಅವಳು ಮಗುವನ್ನು ಅತ್ತೆಯ ಜೊತೆ ಅಂಗಡಿಗೆ ಕಳಿಸಿ, ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು.

‘ಅವತ್ತು ನಂಗ್ ಹೇಳಿದ್ದು ಕಾಂತೇಶ್. ನೀವಲ್ಲ’ ಎಂದಳು. ‘ಈಗ ನೀವ್ ಹೇಳಿ. ಬರಿಯೋದ್ ಬೇಡ, ತುಟಿ ನೋಡಿ ತಿಳ್ಕೋತೀನಿ.’

ಅವನು ತುಟಿ ಅಲುಗಿಸಿದ. ಅವಳಿಗೆ ಅಭ್ಯಾಸವಿರಲಿಲ್ಲ, ತಿಳಿಯಲಿಲ್ಲ. ಮತ್ತೆ ಹೇಳಿ ಎಂದಳು. ಅವನು ನಿಧಾನವಾಗಿ, ಒಂದೊಂದೇ ಪದವನ್ನು ಬಿಡಿಸಿ ಹೇಳಿದ. ಮೊದಲು ಅವನು ಹೇಳಿದ್ದು ಗೆಳೆಯರ ಮಾತು: ನನಗಾಗಿ ಅವರಿಬ್ಬರೂ ಅಲ್ಲೇ ಉಳಿದರು, ಅವರಿಗೆ ಮೋಸವಾಗಬಾರದಿತ್ತು ಎಂದು. ಅಷ್ಟನ್ನು ಓದಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಓದಿಕೊಂಡ ಮೇಲೆ, ‘ಅಷ್ಟೇನಾ?’ ಎಂದಳು.

ಅವನು ಕಿಟಕಿಯ ಕಡೆ ನೋಡಿದ. ಅವಳು ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆಗ ಅವನು ಎರಡೇ ಪದ ಹೇಳಿದ. ಈ ಸಲ ಮತ್ತೆ ಹೇಳಿಸಿಕೊಳ್ಳಬೇಕಾಗಲಿಲ್ಲ. ಅವಳೇ ಅದನ್ನು ಗಟ್ಟಿಯಾಗಿ ಹೇಳಿ ಸರಿಯೇ ಎಂದು ನೋಡಿದಳು.

‘ನಂಗ್ ಬೇಕಿತ್ತು.’

ಅವನು ತಲೆಯಾಡಿಸಿದ. ಗೆಳೆಯರಿಗಾಗಿ ಎಂಬುದು ಸುಳ್ಳಲ್ಲ, ಆದರೆ ಅಷ್ಟೇ ಆಗಿದ್ದರೆ ಅವನು ಆಷಾಢ ಕಳೆದ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದ. ಆ ಗಂಟಲು ಅವನಿಗೇ ಬೇಕಿತ್ತು. ಬದುಕಿನಲ್ಲಿ ಒಮ್ಮೆ ಬಾಯಿ ತೆರೆದರೆ ಇಡೀ ಜಾಗ ಸುಮ್ಮನಾಗುವುದು ಅವನಿಗೆ ಬೇಕಿತ್ತು.

‘ನನಗಿಂತ್ಲೂ? ಮಗೀಗಿಂತ್ಲೂ?’ ಎಂದಳು.

ತಿಮ್ಮರಾಜುವಿನ ತುಟಿ ಅಲುಗಲಿಲ್ಲ. ಅದನ್ನು ಓದಿಕೊಳ್ಳಲು ಮಾನಸಾಳಿಗೆ ಕಷ್ಟವಾಗಲಿಲ್ಲ. ಅವಳು ಅವನ ಗಲ್ಲದಿಂದ ಕೈ ತೆಗೆದು, ಗಾಜ್ ಬಟ್ಟೆ ಒದ್ದೆಯಾಗಿದೆ ಎಂದು ಹೇಳಿ ಎದ್ದಳು. ಅಂದಿನಿಂದ ಮಾತು ಶುರುವಾಯಿತು. ತರಕಾರಿಯ ಮಾತು, ಮಗುವಿನ ಹೋಂವರ್ಕಿನ ಮಾತು, ಆಸ್ಪತ್ರೆಗೆ ಹೋಗುವ ದಿನದ ಮಾತು. ಕ್ಷಮಿಸಿದೆ ಎಂಬ ಮಾತು ಅದರಲ್ಲಿ ಬರಲಿಲ್ಲ, ಅವನೂ ಕೇಳಲಿಲ್ಲ.

ಕಾಯಿಲೆ ಒಂದು ವರ್ಷ ಸುಮ್ಮನಿದ್ದು ಮತ್ತೆ ಬಂತು. ಆ ವರ್ಷದಲ್ಲಿ ತಿಮ್ಮರಾಜು ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಒಂದೆರಡು ಸಲ ಬಸ್‌ಸ್ಟ್ಯಾಂಡಿಗೆ ಹೋದ. ಅವನ ಜಾಗದಲ್ಲಿ ನಿಂತು ಕೂಗುತ್ತಿದ್ದ ಹೊಸ ಕಂಡಕ್ಟರನನ್ನು ನೋಡಿದ. ಜೊತೆಗಿದ್ದ ಕಾಂತೇಶ್ ಅಪರಾಧಿಯಂತೆ ಬೀಡಿ ಅಂಗಡಿಯ ಕಡೆ ನೋಡಿದಾಗಲೆಲ್ಲ ತಿಮ್ಮರಾಜು ಅವನ ಬೆನ್ನಿಗೊಂದು ಗುದ್ದು ಕೊಟ್ಟು ಬೇರೆ ಕಡೆ ಎಳೆದುಕೊಂಡು ಹೋದ. ಹಾಡುಗಳನ್ನು ಏನು ಮಾಡಬೇಕೆಂದು ಗೆಳೆಯರು ಕೇಳಿದಾಗ, ಮಾನಸಾಳನ್ನು ಕೇಳಿ ಎಂದು ತೋರಿಸಿದ. ಅವರಿಗೆ ಕೇಳುವ ಧೈರ್ಯ ಬರಲಿಲ್ಲ. ವೈಶಾಖದಲ್ಲಿ, ಗೋಡೌನು ಖಾಲಿಯಿದ್ದ ಕಾಲದಲ್ಲಿ, ಅವನು ತೀರಿಕೊಂಡ. ಮಣ್ಣಾದ ದಿನ ನೆರಳಿಗೆ ಕಟ್ಟಲು ಒಂದು ಶಾಮಿಯಾನವೂ ಅಂಗಡಿಯಲ್ಲಿ ಉಳಿದಿರಲಿಲ್ಲ. ಹೆಬ್ಬೂರಿನ ಮದುವೆ ಮನೆಯೊಂದರಿಂದ ಕಾಂತೇಶ್ ಒಂದನ್ನು ಬಿಚ್ಚಿ ತಂದ.

ಹನ್ನೊಂದನೆಯ ದಿನದ ಕೆಲಸ ಮುಗಿದು ತಿಂಗಳಾದ ಮೇಲೆ ಗೆಳೆಯರಿಬ್ಬರೂ ಬಟವಾಡಿಯ ಮನೆಗೆ ಹೋದರು. ಆಲ್ಬಮ್ ಸಿದ್ಧವಾಗಿತ್ತು. ಅದನ್ನು ಅಳಿಸಿಹಾಕಿ ಎಂದರೆ ಅಳಿಸಿಹಾಕಲು ಅಂಜನ್‌ಕುಮಾರ್ ತಯಾರಾಗಿಯೇ ಬಂದಿದ್ದ. ನಿಜ ಹೇಳಬೇಕೆಂದರೆ ಅವಳು ಹಾಗೆ ಹೇಳಲಿ ಎಂದೇ ಅವನ ಮನಸ್ಸಿನಲ್ಲಿತ್ತು. ಮಾನಸಾ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಳು. ಪೆನ್ನಿಗೆ ಮುಚ್ಚಳ ಹಾಕಿ, ಹೇಳುವುದನ್ನು ಪೂರ್ತಿ ಕೇಳಿದಳು.

‘ಹೊರಗೆ ಬಿಡಿ. ಅಷ್ಟ್ ಕೊಟ್ಟು ತಗೊಂಡಿದಾರೆ, ಗೋಡೌನಲ್ಲಿ ಯಾಕೆ ಕೊಳೀಬೇಕು’ ಎಂದಳು. ಅವರು ಎದ್ದು ಬಾಗಿಲವರೆಗೆ ಹೋದ ಮೇಲೆ ಮತ್ತೆ ಕರೆದಳು. ‘ನಂಗೆ ಮಾತ್ರ ಕಳಿಸ್ಬೇಡಿ.’

ಆಷಾಢದಲ್ಲಿ ಹಾಡುಗಳು ಹೊರಬಂದವು. ಇಂಥ ಗಂಟಲು ಈ ದೇಶದಲ್ಲೇ ಇಲ್ಲ ಎಂದು ಗುರುತಿಲ್ಲದ ಜನ ದಿನಾ ಬರೆಯುತ್ತಾರೆ. ಕಾಂತೇಶ್, ಅಂಜನ್‌ಕುಮಾರ್ ಇಬ್ಬರೂ ಅದನ್ನು ಓದುತ್ತಾರೆ, ಯಾರಿಗೂ ಉತ್ತರ ಬರೆಯುವುದಿಲ್ಲ. ಮಾನಸಾ ಇವತ್ತಿಗೂ ಕೇಳಿಲ್ಲ.